ಸಪ್ಪಲಮ್ಮ ನಿಂತ ಬಗೆ

ರೇಷ್ಮೆ ಎಳೆಗೆ ಹುರಿ ಕೊಡುವ ಶೆಡ್ಡಿನಲ್ಲಿ ಮಾತು ಕೇಳಿಸುವುದಿಲ್ಲ. ನೂರಾರು ಕದಿರುಗಳು ಒಟ್ಟಿಗೆ ತಿರುಗುವ ಸದ್ದಿನಲ್ಲಿ ದುಡಿಯುವ ಹೆಂಗಸರು ಒಬ್ಬರ ತುಟಿ ಇನ್ನೊಬ್ಬರು ನೋಡಿಯೇ ಮಾತಾಡಿಕೊಳ್ಳುತ್ತಾರೆ. ವಿಜಯಪುರದಲ್ಲಿ ಶ್ರೀಧರ್ ಎಂಬಾತನ ಅಂಥದೊಂದು ಶೆಡ್ಡಿಗೆ ಸಪ್ಪಲಮ್ಮ ತನ್ನ ಮಗ ಅಂಗನವಾಡಿಗೆ ಹೋಗುತ್ತಿದ್ದಾಗ ಸೇರಿದವಳು. ಈಗ ಆ ಮಗ ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಶಿಫ್ಟಿಗೆ ಹೋಗುತ್ತಾನೆ. ಅಷ್ಟು ವರ್ಷವೂ ಅವಳು ಆ ಮಿಷನ್ನುಗಳ ಸಾಲಿನ ನಡುವೆ ನಿಂತೇ ಇದ್ದಳು. ಎಳೆ ತುಂಡಾದಲ್ಲಿ ಹುಡುಕಿ ಗಂಟು ಹಾಕುವುದು, ಇನ್ನೊಂದು ತುಂಡಾಗುವವರೆಗೆ ನಿಂತು ಕಾಯುವುದು. ಅದೇ ಕೆಲಸ.

ಒಂದು ಮಧ್ಯಾಹ್ನ, ಊಟದ ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿತ್ತು, ಮೇಲಿನ ಸಾಲಿನಲ್ಲಿ ಎಳೆ ತುಂಡಾಯಿತು. ಸಪ್ಪಲಮ್ಮ ಮಂಡಿ ಬಿಗಿದು, ಸೊಂಟವನ್ನು ಮುಂದಕ್ಕೆ ನೂಕಿ, ಎದೆಯನ್ನು ಹಿಂದಕ್ಕೆ ವಾಲಿಸಿ ಕೈ ಮೇಲೆತ್ತಿದಳು. ಎಳೆ ಸಿಕ್ಕಿತು, ಗಂಟು ಬಿತ್ತು. ಕೈ ಇಳಿಸುವಾಗ ತೊಡೆಗಳ ನಡುವೆ ಕೋಳಿಮೊಟ್ಟೆಯೊಂದು ಬಂದು ಕೂತ ಹಾಗಾಯಿತು.

ಶೆಡ್ಡಿನ ಹಿಂದಿನ ಕಕ್ಕಸಿಗೆ ಹೋಗಿ ಬಾಗಿಲು ಹಾಕಿಕೊಂಡು ಮುಟ್ಟಿ ನೋಡಿಕೊಂಡಳು. ದುಂಡಗೆ, ಮೆತ್ತಗೆ, ಬೆಚ್ಚಗೆ ಏನೋ ಇತ್ತು. ಗಡ್ಡೆ ಎಂದುಕೊಂಡಳು. ಸಂಜೆಯವರೆಗೂ ಹೇಗೆ ಕೆಲಸ ಮಾಡಿದಳೋ ಅವಳಿಗೇ ತಿಳಿಯದು. ಮನೆಗೆ ಬಂದು ಮಲಗಿದಾಗ ಅದು ಒಳಕ್ಕೆ ಹೋಗಿತ್ತು. ಬೆಳಿಗ್ಗೆ ಏನೂ ಇರಲಿಲ್ಲ. ಕೆಟ್ಟ ಕನಸು ಅಂದುಕೊಂಡು ಹಾಲು ಕರೆದಳು, ಹಾಲಿನ ಕ್ಯಾನನ್ನು ಸೊಂಟಕ್ಕೇರಿಸಿಕೊಂಡು ಡೇರಿಗೆ ಹೋಗಿ ಬಂದಳು, ಶೆಡ್ಡಿಗೆ ಹೋದಳು. ಹೊತ್ತು ಏರುತ್ತಿದ್ದಂತೆ ಅದೂ ಇಳಿಯಿತು.

ಆಮೇಲಿನ ದಿನಗಳಲ್ಲಿ ಅವಳು ಕಳ್ಳಿಯ ಹಾಗೆ ಬದುಕಿದಳು. ಹಳೆಯ ಪಂಚೆಯನ್ನು ಹರಿದು ಬಿಗಿಯಾಗಿ ಕಟ್ಟಿಕೊಂಡಳು. ಕೆಮ್ಮಿದರೆ, ಸೀನಿದರೆ ಸೀರೆ ಒದ್ದೆಯಾಗುತ್ತಿತ್ತು. ಅದಕ್ಕೆ ನೀರು ಕುಡಿಯುವುದನ್ನೇ ಬಿಟ್ಟಳು. ನೀರು ಬಿಟ್ಟಿದ್ದಕ್ಕೆ ಹೊಟ್ಟೆ ಕಟ್ಟಿತು. ಹೊಟ್ಟೆ ಕಟ್ಟಿದ್ದಕ್ಕೆ ಕಕ್ಕಸಿನಲ್ಲಿ ತಿಣುಕಿ ಮುಕ್ಕಬೇಕಾಯಿತು. ಮುಕ್ಕಿದಷ್ಟೂ ಅದು ಕೆಳಗಿಳಿಯಿತು. ಗಂಡ ಪಿಳ್ಳಪ್ಪ ಹತ್ತಿರ ಬಂದರೆ ಮೈ ಸರಿಯಿಲ್ಲ ಅನ್ನುತ್ತಿದ್ದಳು. ಏನಾಗಿದೆ ಎಂದು ಅವನು ಕೇಳಲಿಲ್ಲ, ಇವಳೂ ಹೇಳಲಿಲ್ಲ. ಅವನು ಮುಖ ಗಂಟಿಕ್ಕಿಕೊಂಡು ಹಸುಗಳ ಕೊಟ್ಟಿಗೆಯ ಜಗಲಿಯ ಮೇಲೆ ಹಾಸಿಗೆ ಹಾಕಿಕೊಂಡ.

ಗುಟ್ಟು ಮೊದಲು ಹಿಡಿದವಳು ಅಕ್ಕ ರುಕ್ಮಿಣಮ್ಮ. ಹೊಸಕೋಟೆ ಕಡೆಗೆ ಕೊಟ್ಟಿದ್ದ ಅಕ್ಕ ಯಾವುದೋ ಮದುವೆ ಮುಗಿಸಿಕೊಂಡು ತಂಗಿಯ ಮನೆಗೆ ಬಂದಿದ್ದಳು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಸಪ್ಪಲಮ್ಮ ಕಲ್ಲನ್ನು ಹಿಡಿದುಕೊಂಡು ಕಾಲಗಲಿಸಿ ಏಳುವುದನ್ನು ನೋಡಿ, ಅವಳು ಮೆಲ್ಲಗೆ ಕೇಳಿದಳು.

"ಇಳಿದೈತಾ?"

ಸಪ್ಪಲಮ್ಮನಿಗೆ ಅಳು ಬಂದುಬಿಟ್ಟಿತು. "ನಿಂಗೆಂಗೆ ಗೊತ್ತಾಯ್ತಕ್ಕ?"

"ಗೊತ್ತಾಗ್ದೆ ಏನಮ್ಮಿ. ನಾನೂ ಹಂಗೇ ಏಳ್ತಿದ್ನಲ್ಲ. ಗರ್ಭಚೀಲ ಅದು. ತೆಗೆಸ್ಬಿಡು."

"ನೀನು ತೆಗೆಸಿದ್ಯಲ್ಲ, ಈಗ ಆರಾಮಾಗಿದೀಯಾ?"

ರುಕ್ಮಿಣಮ್ಮ ಒಗೆದ ಬಟ್ಟೆಯೊಂದನ್ನು ಎತ್ತಿ ಹಿಂಡತೊಡಗಿದಳು. ನೀರೆಲ್ಲ ಹೋದ ಮೇಲೂ ಹಿಂಡುತ್ತಲೇ ಇದ್ದಳು.

"ಒಂದೆರಡು ವರ್ಷ ಚೆನ್ನಾಗಿದ್ದೆ. ಈಗ ಮತ್ತೆ ಬರ್ತೈತೆ. ಚೀಲ ತೆಗೆದ್ರು, ಚೀಲ ಇದ್ದ ಜಾಗಾನೇ ಕೆಳಕ್ಕೆ ಬರ್ತೈತೆ."

"ಮತ್ತೆ ನಂಗ್ಯಾಕೆ ತೆಗೆಸು ಅಂತೀಯ?"

"ಇನ್ನೇನು ಮಾಡಕ್ಕಾಯ್ತದೆ? ಎಲ್ರೂ ಅದನ್ನೇ ಮಾಡ್ತಾರೆ. ಹೆಂಗಸ್ರ ಹಣೇಬರ."

ಹೊರಡುವ ಮುಂಚೆ ರುಕ್ಮಿಣಮ್ಮ ಒಳ್ಳೆಯದಾಗಲೆಂದೇ ಸಪ್ಪಲಮ್ಮನ ಅತ್ತೆ ನರಸಮ್ಮನ ಕಿವಿಗೆ ವಿಷಯ ಹಾಕಿ ಹೋದಳು. ಅತ್ತೆ ಮಗನಿಗೆ ಹೇಳಿದಳು. ಮಾರನೆಯ ವಾರಕ್ಕೆಲ್ಲ ಪಿಳ್ಳಪ್ಪ ಹೆಂಡತಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಪೇಟೆಯ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದ.

ಅಲ್ಲಿನ ಡಾಕ್ಟರು ಮಂಚದ ಮೇಲೆ ಮಲಗಿಸಿ ಒಂದು ಗಳಿಗೆ ನೋಡಿದರು. ಕೈಗವಸು ಕಳಚುತ್ತ, ಸಪ್ಪಲಮ್ಮನ ಕಡೆಗಲ್ಲ, ಬಾಗಿಲ ಬಳಿ ನಿಂತಿದ್ದ ಪಿಳ್ಳಪ್ಪನ ಕಡೆಗೆ ತಿರುಗಿ ಹೇಳಿದರು.

"ಮಕ್ಕಳಾಗಿದಾವಲ್ಲ, ಇನ್ನು ಇಟ್ಕೊಂಡು ಏನು ಮಾಡ್ತೀರಿ. ತೆಗೆದುಬಿಡೋಣ. ಸೋಮವಾರ ಬಂದು ಸೇರ್ಕೊಳ್ಳಿ."

ಸಪ್ಪಲಮ್ಮ ಸೀರೆ ಸರಿಮಾಡಿಕೊಂಡು ಎದ್ದು ಕೂತಳು. "ತೆಗೆದ್ರೆ ಮತ್ತೆ ಇಳಿಯಲ್ವಾ ಸಾರ್?"

"ಒಬ್ಬೊಬ್ಬರಿಗೆ ಆಗುತ್ತೆ. ಆವಾಗ ನೋಡೋಣ."

"ಯಾಕೆ ಇಳೀತು ಅಂತ ಈಗ್ಲೇ ನೋಡಬಾರ್ದಾ?"

ಡಾಕ್ಟರು ಗಡಿಯಾರ ನೋಡಿದರು. ಹೊರಗೆ ಜನ ಕಾದಿದ್ದರು. "ಮೂರು ಹೆರಿಗೆ ಆಗಿದೆ ಅಂದ್ರಲ್ಲಮ್ಮ. ಇನ್ನೇನು ಕಾರಣ ಬೇಕು."

ಸಪ್ಪಲಮ್ಮ ಮಂಚದಿಂದ ಇಳಿದಳು. ಚಪ್ಪಲಿ ಮೆಟ್ಟಿಕೊಂಡಳು. "ನಾನು ಸೋಮವಾರ ಬರಲ್ಲ ಸಾರ್" ಎಂದು ಹೇಳಿ, ಗಂಡನ ಪಕ್ಕದಿಂದಲೇ ಹೊರಗೆ ನಡೆದಳು.

ಪಿಳ್ಳಪ್ಪ ಬೀದಿಯಲ್ಲಿ ಬೈಕಿನ ಪಕ್ಕ ನಿಂತು ಕೂಗಾಡಿದ. "ಮಾನ ಮರ್ಯಾದೆ ಐತಾ ನಿಂಗೆ? ದೊಡ್ಡ ಡಾಕ್ಟ್ರ ಎದುರಿಗೆ ಬಾಯಿಗೆ ಬಂದಂಗೆ ಮಾತಾಡ್ತೀಯಲ್ಲ! ನಂಗೇನು, ನರಳು ಹೋಗು."

"ನರಳ್ತಾ ಇರೋಳು ನಾನೇ ತಾನೆ? ಯಾವ್ ದಾರೀಲಿ ವಾಸಿ ಮಾಡ್ಕೋಬೇಕು ಅನ್ನೋದೂ ನಾನೇ ನೋಡ್ಕೋತೀನಿ ಬಿಡಿ."

ಅವನು ಬೈಕು ಹತ್ತಿಕೊಂಡು ಹೊರಟುಹೋದ. ಅವಳು ಬಸ್ಸಿಗೆ ಬಂದಳು. ದಾರಿಯುದ್ದಕ್ಕೂ ಬಸ್ಸು ಕುಲುಕಿದಾಗಲೆಲ್ಲ ಕೆಳಗೆ ಎಳೆದ ಹಾಗಾಗುತ್ತಿತ್ತು, ಆದರೂ ಅವಳಿಗೆ ಅಂದು ಅಳು ಬರಲಿಲ್ಲ. ಬಹಳ ವರ್ಷಗಳ ಮೇಲೆ ಯಾರಿಗೋ "ಇಲ್ಲ" ಅಂದಿದ್ದಳು. ಆ ಮಾತು ಇನ್ನೂ ಬಾಯಲ್ಲಿ ರುಚಿಯಾಗಿಯೇ ಇತ್ತು.

ಸರ್ಕಾರಿ ಆಸ್ಪತ್ರೆಗೆ ಅವಳು ಒಬ್ಬಳೇ ಹೋದಳು. ಶೆಡ್ಡಿಗೆ ಒಂದು ದಿನ ರಜೆ ಹೇಳಿ, ಬೆಳಿಗ್ಗೆಯೇ ಹೋಗಿ ಸಾಲಿನಲ್ಲಿ ನಿಂತಳು. ಅಲ್ಲಿನ ಲೇಡಿ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ದಣಿದವರು, ಆದರೆ ಕಣ್ಣು ನೋಡಿ ಮಾತಾಡುವವರು. ಕೆಮ್ಮಿಸಿ ನೋಡಿದರು, ಮುಕ್ಕಿಸಿ ನೋಡಿದರು, ನಿಲ್ಲಿಸಿಯೂ ನೋಡಿದರು. ಗಡ್ಡೆ ಅಲ್ಲ, ಹೆದರಬೇಡಿ ಅಂದರು. ಗರ್ಭಕೋಶವೂ ಅದರ ಮುಂದಿನ ಮೂತ್ರದ ಚೀಲವೂ ಸ್ವಲ್ಪ ಸ್ವಲ್ಪ ಇಳಿದಿವೆ, ಆಪರೇಷನ್ನು ಒಂದು ದಾರಿ, ಅದೊಂದೇ ದಾರಿಯಲ್ಲ, ಅವಸರವೂ ಇಲ್ಲ ಎಂದು ತಿಳಿಹೇಳಿದರು. ಮೆತ್ತನೆಯ ಒಂದು ಉಂಗುರವನ್ನು ಒಳಗೆ ಕೂರಿಸಿ, ಅದು ಇಳಿದದ್ದನ್ನು ಎತ್ತಿ ಹಿಡಿಯುತ್ತದೆ ಅಂದರು. ತೆಗೆದು ತೊಳೆದು ಮತ್ತೆ ಹಾಕಿಕೊಳ್ಳುವುದನ್ನು ನರ್ಸಮ್ಮನ ಕೈಲಿ ಹೇಳಿಕೊಡಿಸಿದರು. ಆಮೇಲೆ ಕೊನೆಯ ಕೋಣೆಗೆ ಕಳಿಸಿದರು. "ಅಲ್ಲಿ ಪ್ರಮೋದಾ ಅಂತ ಇದ್ದಾರೆ. ಮೈಗೆ ವ್ಯಾಯಾಮ ಹೇಳಿಕೊಡೋರು. ಅವರನ್ನ ನೋಡದೆ ಹೋಗಬೇಡಿ."

ಪ್ರಮೋದಾ ಕೋಣೆಯೊಳಗೆ ಬಂದವಳಿಗೆ ಕೂರಿ ಅನ್ನಲಿಲ್ಲ. "ಹಾಗೇ ನಿಂತಿರಿ" ಎಂದು, ಸುತ್ತ ಒಂದು ಸುತ್ತು ಬಂದು ನೋಡಿದರು. ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ತೋರಿಸಿದರು.

ಸಪ್ಪಲಮ್ಮ ತನ್ನನ್ನು ತಾನು ಪಕ್ಕದಿಂದ ನೋಡಿಕೊಂಡದ್ದು ಅದೇ ಮೊದಲು. ಮಂಡಿಗಳು ಹಿಂದಕ್ಕೆ ಬಿಗಿದಿದ್ದವು. ಸೊಂಟ ಪಾದಗಳಿಗಿಂತ ಮುಂದೆ ಬಂದು, ಎದೆ ಹಿಂದಕ್ಕೆ ವಾಲಿ, ಬೆನ್ನು ಗೂನಾಗಿ, ಕತ್ತು ಮತ್ತೆ ಮುಂದಕ್ಕೆ ಚಾಚಿತ್ತು. ಹಿಂಭಾಗವೇ ಇಲ್ಲದ ಹಾಗೆ ಸೀರೆ ನೇರವಾಗಿ ಇಳಿಬಿದ್ದಿತ್ತು. ಹೊಟ್ಟೆಯೊಂದೇ ಮುಂದೆ.

"ಹೀಗೆ ನಿಲ್ಲೋಕೆ ಯಾರು ಕಲಿಸಿದ್ರು ನಿಮಗೆ?"

ಯಾರೂ ಇಲ್ಲ ಎಂದು ಹೇಳಲು ಬಾಯಿ ತೆರೆದವಳಿಗೆ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಚಿಕ್ಕವಳಿದ್ದಾಗ ಅವಳ ಸೊಂಟದ ಹಿಂದೆ ಒಳ್ಳೆಯ ಬಾಗು ಇತ್ತು, ಅಂಡು ಎದ್ದು ಕಾಣುತ್ತಿತ್ತು. ಶಾಲೆಯಲ್ಲಿ ಬಾತುಕೋಳಿ ಅನ್ನುತ್ತಿದ್ದರು. ಮೈ ನೆರೆದ ಮೇಲೆ ಬೀದಿಯ ಹುಡುಗರು ಹಿಂದಿನಿಂದ ಬಾತಿನ ಹಾಗೆ ಕೂಗುತ್ತಿದ್ದರು. ಅವ್ವ ಬೆನ್ನಿಗೆ ಗುದ್ದಿ, "ಒಳಕ್ಕೆ ಎಳ್ಕೊಂಡು ನಡಿಯೇ, ಗಂಡಸ್ರ ಕಣ್ಣಿಗೆ ಬೀಳಂಗೆ ತೋರಿಸ್ಕೊಂಡು ಹೋಗ್ಬೇಡ" ಅನ್ನುತ್ತಿದ್ದಳು. ಹೆಣ್ಣು ನೋಡಲು ಬಂದ ದಿನ ನರಸಮ್ಮ ತಲೆಯಿಂದ ಕಾಲಿನವರೆಗೂ ನೋಡಿ, "ನಡಿಗೆ ಒಸಿ ಗಂಭೀರವಾಗಿದ್ರೆ ಚೆನ್ನಾಗಿತ್ತು" ಎಂದಿದ್ದಳು. ಸಪ್ಪಲಮ್ಮ ಒಳಗೆ ಎಳೆದುಕೊಂಡಳು, ಮುಂದಕ್ಕೆ ನೂಕಿದಳು, ಎದೆ ಕಾಣದ ಹಾಗೆ ಹೆಗಲು ಮುಂದಕ್ಕೆ ಬಾಗಿಸಿದಳು. ಮೂರು ಹೆರಿಗೆಯಲ್ಲಿ ಹೊಟ್ಟೆಯ ಬಲ ಹೋದ ಮೇಲೆ ಅದೇ ನಿಲುವು ಮೈಗೆ ಅಂಟಿಕೊಂಡಿತು.

ಇದನ್ನೆಲ್ಲ ತಡೆತಡೆದು ಹೇಳಿದಳು. ಪ್ರಮೋದಾ ನಗಲಿಲ್ಲ. ಅವಳ ಕೈ ಹಿಡಿದು ಅವಳದೇ ಹೊಟ್ಟೆಯ ಕೆಳಗೆ ಗಟ್ಟಿ ಮೂಳೆಯೊಂದನ್ನು ಮುಟ್ಟಿಸಿದರು.

"ಇದು ಹೊಸ್ತಿಲು ಅಂದ್ಕೊಳ್ಳಿ. ಸೊಂಟದ ಮೂಳೆ ಎಲ್ಲ ಸೇರಿ ಒಂದು ಬಟ್ಟಲು. ಅದರ ತಳದಲ್ಲಿ ಮೂಳೆ ಇಲ್ಲ, ಮಾಂಸದ ಹಾಸು ಐತೆ, ನಡುವೆ ದಾರಿ ಐತೆ. ದೇವರು ಕೊಟ್ಟ ಬಾಗು ಬೆನ್ನಲ್ಲಿ ಇದ್ದಾಗ ಬಟ್ಟಲು ಮುಂದಕ್ಕೆ ವಾಲಿರ್ತದೆ. ಆವಾಗ ಮೇಲಿನ ಭಾರ ಈ ಹೊಸ್ತಿಲ ಮೇಲೆ, ಹೊಟ್ಟೆಯ ಗೋಡೆ ಮೇಲೆ ಕೂರ್ತದೆ. ನೀವು ಸೊಂಟ ಮುಂದೆ ನೂಕಿ, ಅಂಡು ಒಳಕ್ಕೆ ಎಳ್ಕೊಂಡ್ರೆ ಬಟ್ಟಲು ಹಿಂದಕ್ಕೆ ಮಗುಚ್ತದೆ. ಭಾರ ಎಲ್ಲ ನೇರ ಆ ದಾರಿ ಮೇಲೇ ಬೀಳ್ತದೆ. ಕೆಮ್ಮಿದ್ರೂ ಅಲ್ಲೇ, ಕ್ಯಾನ್ ಎತ್ತಿದ್ರೂ ಅಲ್ಲೇ."

"ಹಂಗಾದ್ರೆ ನಾನು ನಿಂತಿದ್ದಕ್ಕೇ ಇಳೀತಾ ಮೇಡಂ?"

"ನಿಂತಿದ್ದೊಂದೇ ಕಾರಣ ಅಂತ ನಾನು ಹೇಳಲ್ಲ. ಹೆರಿಗೆ ಐತೆ, ಭಾರ ಹೊತ್ತಿದೀರಿ, ಮಲ ಕಟ್ಟಿ ಮುಕ್ಕಿದೀರಿ, ವಯಸ್ಸೂ ಐತೆ. ಇದೇ ಥರ ನಿಂತು ಏನೂ ಆಗ್ದೇ ಇರೋರೂ ಇದಾರೆ. ಆದ್ರೆ ಬೆನ್ನಿನ ಬಾಗು ಕಳ್ಕೊಂಡಿರೋ ಹೆಂಗಸರಲ್ಲಿ ಇದು ಹೆಚ್ಚು ಅಂತ ನೋಡಿದೀವಿ. ಹೆರಿಗೆ ಆದದ್ದನ್ನ ಈಗ ಬದಲಾಯಿಸಕ್ಕಾಗಲ್ಲ. ನಿಲ್ಲೋದನ್ನ ಬದಲಾಯಿಸಬಹುದು."

ಅಂದು ಅವಳು ಕಲಿತದ್ದು ಕೇಳಲು ಸುಲಭ, ಮಾಡಲು ಕಷ್ಟ. ಮಂಡಿಯ ಬಿಗಿ ಬಿಡಬೇಕು. ಪಾದದ ನೇರಕ್ಕೆ ಸೊಂಟವನ್ನು ಹಿಂದಕ್ಕೆ ತರಬೇಕು. ಎದೆ ಎತ್ತಬೇಕು, ಹೊಟ್ಟೆ ಎಳೆದು ಹಿಡಿಯದೆ ಸಡಿಲ ಬಿಡಬೇಕು. ಬಗ್ಗುವಾಗ ಬೆನ್ನು ಗೂನು ಮಾಡದೆ ತೊಡೆಯ ಸಂದಿನಿಂದ ಬಗ್ಗಬೇಕು. ಉಚ್ಚೆ ತಡೆಹಿಡಿದ ಹಾಗೆ ಕೆಳಗಿನ ಮಾಂಸವನ್ನು ಮೇಲಕ್ಕೆ ಎಳೆದು, ಮತ್ತೆ ಪೂರ್ತಿ ಸಡಿಲ ಬಿಡಬೇಕು. ಹಾಲಿನ ಕ್ಯಾನು ಸದ್ಯಕ್ಕೆ ಮುಟ್ಟಬಾರದು. ನೀರು ಕುಡಿಯಬೇಕು. ನಡುನಡುವೆ ಕೂರಬೇಕು.

ಅಂಡು ಹಿಂದಕ್ಕೆ ಬಿಟ್ಟು ನಿಂತಾಗ ಸಪ್ಪಲಮ್ಮನಿಗೆ ಬೀದಿಯಲ್ಲಿ ಬತ್ತಲೆ ನಿಂತ ಹಾಗೆ ನಾಚಿಕೆಯಾಯಿತು. ಕೋಣೆಯಲ್ಲಿ ಪ್ರಮೋದಾ ಬಿಟ್ಟು ಯಾರೂ ಇಲ್ಲದಿದ್ದರೂ ಸೆರಗನ್ನು ಹಿಂದಕ್ಕೆ ಎಳೆದುಕೊಂಡಳು.

"ಬಿಡಿ ಸೆರಗು," ಅಂದರು ಪ್ರಮೋದಾ. "ಅಲ್ಲಿ ಇರೋದು ಇರಬೇಕಾದ ಜಾಗದಲ್ಲೇ ಐತೆ."

ನಾಚಿಕೆ ಮನೆಗೆ ಬರುವ ಹೊತ್ತಿಗೆ ಸಿಟ್ಟಾಗಿ ತಿರುಗಿತ್ತು. ಬೀದಿಯ ಹುಡುಗರ ಮೇಲೆ, ಸತ್ತುಹೋದ ಅವ್ವನ ಮೇಲೆ, ಇಷ್ಟು ವರ್ಷ ಮೈಯನ್ನು ಕದ್ದು ಇಟ್ಟುಕೊಂಡ ತನ್ನ ಮೇಲೆ. ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದ ನರಸಮ್ಮ, ಸೊಸೆ ಗೇಟಿನಿಂದ ನಡೆದು ಬರುವುದನ್ನು ನೋಡಿ ಕೈ ನಿಲ್ಲಿಸಿದಳು.

"ಏನೇ ಅದು ನಡಿಗೆ? ಈ ವಯಸ್ಸಲ್ಲಿ ಹಿಂದೆ ಮುಂದೆ ತೋರಿಸ್ಕೊಂಡು!"

"ಮೂಳೆ ಇರೋ ಕಡೆ ಮೂಳೆ ಇಟ್ಕೊಂಡು ನಡೀತಿದೀನಿ ಅತ್ತೆ. ನೋಡೋರಿಗೆ ಬೇಜಾರಾದ್ರೆ ಅವರೆಕಾಯಿ ನೋಡ್ಕೊಳ್ಳಲಿ."

ಮುದುಕಿ ಮತ್ತೆ ಅವರೆಕಾಯಿಗೆ ಕೈ ಹಾಕಿದಳು. ಸೊಸೆ ಅದೇ ನಡಿಗೆಯಲ್ಲಿ ಒಳಗೆ ಹೋದಳು.

ಮಾರನೆಯ ಬೆಳಿಗ್ಗೆ ಹಾಲು ಕರೆದು, ಕ್ಯಾನಿನ ಮುಚ್ಚಳ ಹಾಕಿ, ಕೊಟ್ಟಿಗೆಯ ಬಾಗಿಲಲ್ಲಿ ಇಟ್ಟು, ಸಪ್ಪಲಮ್ಮ ಕೈ ತೊಳೆದುಕೊಂಡಳು. ಪಿಳ್ಳಪ್ಪ ಜಗಲಿಯ ಮೇಲೆ ಟೀ ಕುಡಿಯುತ್ತಿದ್ದ.

"ಡೇರಿಗೆ ಹೊತ್ತಾಗ್ಲಿಲ್ವಾ?"

"ಆಯ್ತು. ನೀವು ತಗೊಂಡೋಗಿ. ನಾನು ಇನ್ಮೇಲೆ ಎತ್ತಲ್ಲ."

"ಹೆಂಗಸ್ರ ಕೆಲ್ಸ ನಾನು ಮಾಡ್ಬೇಕಾ?"

"ಎತ್ತಿ ಎತ್ತಿಯೇ ನನ್ನ ಗರ್ಭಚೀಲ ಕೆಳಗೆ ಬಂದೈತೆ." ಅವಳು ಅದನ್ನು ಪಿಸುಗುಟ್ಟಲಿಲ್ಲ. ಪಕ್ಕದ ಮನೆಯ ಅಂಗಳಕ್ಕೂ ಕೇಳುವ ಹಾಗೆ ಹೇಳಿದಳು. "ಇಷ್ಟು ದಿನ ನಿಮ್ಮ ಹತ್ರ ಮಲಗ್ಲಿಲ್ಲ ಅಂತ ಮುಖ ಊದಿಸ್ಕೊಂಡ್ರಲ್ಲ, ಅದಕ್ಕೇ ಮಲಗ್ಲಿಲ್ಲ. ಭಯ ಆಗ್ತಿತ್ತು. ನಿಮ್ಮ ಮೇಲೆ ಕೋಪ ಇರ್ಲಿಲ್ಲ. ಈಗ ಐತೆ."

ಪಿಳ್ಳಪ್ಪ ಟೀ ಲೋಟ ಕೆಳಗಿಟ್ಟ. ಕ್ಯಾನು ಅಲ್ಲೇ ಕೂತಿತ್ತು. ಡೇರಿಯವರು ಬಾಗಿಲು ಹಾಕಿ ಹೋದರು, ಹಾಲು ಉಳಿಯಿತು. ನರಸಮ್ಮ ಇಡೀ ದಿನ ಗೊಣಗುತ್ತ ಅದನ್ನು ಕಾಯಿಸಿ ಹೆಪ್ಪು ಹಾಕಿದಳು. ಮರುದಿನವೂ ಕ್ಯಾನು ಬಾಗಿಲಲ್ಲೇ ಇತ್ತು. ಪಿಳ್ಳಪ್ಪ ಒಂದು ಸಲ ಹೆಂಡತಿಯನ್ನು, ಒಂದು ಸಲ ಕ್ಯಾನನ್ನು ನೋಡಿದ. ಕೊನೆಗೆ ಎತ್ತಿ ಬೈಕಿಗೆ ಕಟ್ಟಿಕೊಂಡು ಹೋದ. ಬಂದ ಮೇಲೆ, ಹಗ್ಗ ಬಿಚ್ಚುತ್ತ, ಅವಳ ಕಡೆ ನೋಡದೆಯೇ ಕೇಳಿದ.

"ನೋವಿರ್ತದಾ?"

"ನೋವಲ್ಲ. ಭಾರ. ಬಿದ್ದೋಯ್ತದೇನೋ ಅಂತ."

ಅವನು ತಲೆಯಾಡಿಸಿ ಹಸುವಿಗೆ ಹುಲ್ಲು ಹಾಕಲು ಹೋದ.

ಶೆಡ್ಡಿನಲ್ಲಿ ಅಷ್ಟು ಸುಲಭವಾಗಲಿಲ್ಲ. ಅಲ್ಲಿ ಕೆಲಸದ ಹೊತ್ತಿನಲ್ಲಿ ಕೂರುವ ಹಾಗಿರಲಿಲ್ಲ. ಕೂತರೆ ಕಣ್ಣು ಮುಚ್ಚುತ್ತದೆ, ಕಣ್ಣು ಮುಚ್ಚಿದರೆ ಎಳೆ ತುಂಡಾದದ್ದು ಕಾಣುವುದಿಲ್ಲ ಎಂಬುದು ಶ್ರೀಧರನ ಮಾತು. ಅವನ ಅಪ್ಪನ ಕಾಲದಿಂದ ನಡೆದುಬಂದದ್ದು. ಸಪ್ಪಲಮ್ಮ ಮೊದಲು ಒಬ್ಬಳೇ ಹೋಗಿ, ಒಂದು ಸ್ಟೂಲು ಕೊಡಿಸಿ ಸಾರ್, ಎಳೆ ಸರಿಯಾಗಿ ಓಡುವಾಗ ಒಂದು ಗಳಿಗೆ ಕೂತು ಏಳ್ತೀನಿ ಎಂದು ಕೇಳಿದಳು. ಅವನು ಮೊಬೈಲಿನಿಂದ ತಲೆ ಎತ್ತದೆ, "ನಿಂಗೊಬ್ಳಿಗೆ ಕೊಟ್ರೆ ಎಲ್ರೂ ಕೇಳ್ತಾರೆ" ಅಂದ.

ಸಪ್ಪಲಮ್ಮ ಮನೆಯಿಂದ ಒಂದು ಪ್ಲಾಸ್ಟಿಕ್ ಸ್ಟೂಲು ತಂದಳು. ಸಾಲಿನ ಕೊನೆಯಲ್ಲಿ ಇಟ್ಟು, ಎಳೆಗಳ ಮೇಲೆ ಕಣ್ಣಿಟ್ಟೇ, ಬೆನ್ನು ನೇರ ಮಾಡಿ ಅದರ ಅಂಚಿನಲ್ಲಿ ಕೂತಳು. ಎಳೆ ತುಂಡಾದರೆ ತಕ್ಷಣ ಎದ್ದು ಗಂಟು ಹಾಕಿ ಮತ್ತೆ ಕೂತಳು. ಹೀಗೆ ಒಂದು ಬೆಳಿಗ್ಗೆ ಕಳೆಯಿತು. ಶ್ರೀಧರ್ ಬಂದು ನೋಡಿದವನು ಸ್ವಿಚ್ಚಿನ ಪೆಟ್ಟಿಗೆಗೆ ಹೋಗಿ ಅವಳ ಮಿಷನ್ನನ್ನೇ ನಿಲ್ಲಿಸಿದ. ಕೆಲಸದವರು ಗಾಬರಿಯಿಂದ ಉಳಿದ ಮಿಷನ್ನುಗಳನ್ನೂ ನಿಲ್ಲಿಸಿದರು. ಶೆಡ್ಡು ಕೆಲಸದ ಹೊತ್ತಿನಲ್ಲಿ ಮೊದಲ ಸಲ ಮೌನವಾಯಿತು.

"ಏನಮ್ಮ ಇದು? ಮದುವೆ ಮನೆಗೆ ಬಂದಿದೀಯಾ ಕೂತ್ಕೊಳ್ಳೋಕೆ?"

ಕದಿರಿನ ಸದ್ದಿರುವಾಗ ಯಾರಿಗೂ ಕೇಳದ ಹಾಗೆ ಹೇಳಬಹುದಿತ್ತು. ಈಗ ಪ್ರತಿಯೊಬ್ಬರಿಗೂ ಕೇಳುತ್ತಿತ್ತು. ಲೋಡು ತುಂಬಲು ಬಂದಿದ್ದ ಗಂಡಸರೂ ಬಾಗಿಲಲ್ಲಿದ್ದರು. ಸಪ್ಪಲಮ್ಮ ಎದ್ದು ನಿಂತಳು. ಹಳೆಯ ಅಭ್ಯಾಸಕ್ಕೆ ಮಂಡಿ ಬಿಗಿದು ಸೊಂಟ ಮುಂದೆ ಹೋಯಿತು. ಅದು ಅವಳಿಗೇ ತಿಳಿದು, ಮಂಡಿ ಸಡಿಲಿಸಿ, ಸೊಂಟ ಹಿಂದಕ್ಕೆ ತಂದು, ಎದೆ ಎತ್ತಿದಳು.

"ನಂಗೆ ಗರ್ಭಚೀಲ ಇಳಿದೈತೆ ಸಾರ್. ಇದೇ ಜಾಗದಲ್ಲಿ, ಇದೇ ಮಿಷನ್ ಮುಂದೆ ಮೊದಲ್ನೇ ಸಲ ಬಂತು. ದಿನಾ ನಿಂತು ನಿಂತು ಸಂಜೆ ಹೊತ್ತಿಗೆ ಕಾಲ ಮಧ್ಯೆ ಬಂದು ಕೂರ್ತೈತೆ. ಡಾಕ್ಟ್ರು ಕೂತು ಎದ್ದು ಕೆಲ್ಸ ಮಾಡು ಅಂದವ್ರೆ. ಕೂತು ಎದ್ದು ಮಾಡ್ತೀನಿ. ನನ್ನ ಸಾಲಲ್ಲಿ ಒಂದೇ ಒಂದು ಎಳೆ ಬಿಟ್ಟಿದ್ರೆ ತೋರಿಸಿ."

ಶ್ರೀಧರನ ಮುಖ ಕೆಂಪಾಯಿತು. ಅವನಿಗಿಂತ ಹೆಚ್ಚು ನಾಚಿದವರು ಬಾಗಿಲಲ್ಲಿದ್ದ ಗಂಡಸರು, ಅವರು ಹೊರಗೆ ಸರಿದರು. "ಅದನ್ನೆಲ್ಲ ಇಲ್ಲಿ ಯಾಕಮ್ಮ ಹೇಳ್ತೀಯ... ಮೈ ಸರಿಯಿಲ್ಲ ಅಂದ್ರೆ ಮನೇಲಿರು" ಎಂದು ಗೊಣಗುತ್ತ, ಅವನು ಅಲ್ಲೇ ನಿಂತು ಪಿಳ್ಳಪ್ಪನಿಗೆ ಫೋನು ಮಾಡಿದ. "ಬಂದು ನಿನ್ನ ಹೆಂಡ್ತೀನ ಕರ್ಕೊಂಡು ಹೋಗಪ್ಪಾ. ನನ್ನ ಕೈಲಾಗಲ್ಲ."

ಪಿಳ್ಳಪ್ಪ ಬರುವವರೆಗೆ ಯಾರೂ ಮಿಷನ್ ಹಾಕಲಿಲ್ಲ. ಶೆಡ್ಡಿನಲ್ಲಿ ಎಲ್ಲರಿಗಿಂತ ಹಳಬಳಾದ ಪಾಪಕ್ಕ ಮೆಲ್ಲಗೆ ತನ್ನ ಸಾಲು ಬಿಟ್ಟು ಬಂದಳು. ಸ್ಟೂಲಿನ ಮೇಲೆ ಕೈಯಾಡಿಸಿ, "ನಾನೂ ಒಸಿ ಕೂರ್ಲಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕೂತುಬಿಟ್ಟಳು. ಕೂತು, ಕಣ್ಣು ಮುಚ್ಚಿಕೊಂಡು, "ನಂದು ನನ್ನ ಕೊನೇ ಮಗ ಹುಟ್ಟಿದಾಗ್ಲಿಂದ ಹಿಂಗೇ ಐತೆ" ಅಂದಳು. ಆ ಕೊನೆಯ ಮಗನೇ ಈಗ ಮಗಳ ಮದುವೆ ಮಾಡುವ ವಯಸ್ಸಿಗೆ ಬಂದಿದ್ದ.

ಗಂಡ ಬಂದು ಎಲ್ಲರೆದುರಿಗೆ ಬೈದು ಎಳೆದುಕೊಂಡು ಹೋಗುತ್ತಾನೆ ಎಂದೇ ಸಪ್ಪಲಮ್ಮ ಕಾದಿದ್ದಳು. ಬೈಕಿನ ಸದ್ದು ಕೇಳಿಸಿತು. ಪಿಳ್ಳಪ್ಪ ಚಪ್ಪಲಿ ಹೊರಗೆ ಬಿಟ್ಟು ಒಳಬಂದ. ಶ್ರೀಧರ್ ಹೇಳಿದ್ದನ್ನೆಲ್ಲ ಕೇಳಿದ. ಕತ್ತು ಕೆರೆದುಕೊಂಡ.

"ಮನೇಲೂ ಹಿಂಗೇ ಮಾಡಿದ್ಳು ಸಾರ್. ಒಂದಿನ ಡೇರಿಗೆ ಹಾಲು ಹೋಗ್ಲಿಲ್ಲ. ಮಾರನೇ ದಿನ್ದಿಂದ ನಾನೇ ಹೊರ್ತಾ ಇದೀನಿ."

"ಅದಕ್ಕೇ ಕರ್ಕೊಂಡು ಹೋಗು ಅಂತಿರೋದು."

"ಕೆಲ್ಸ ಕೆಡಿಸಿದ್ಳಾ?"

"ಕೆಡಿಸ್ಲಿಲ್ಲ. ಆದ್ರೆ..."

"ಹಂಗಾದ್ರೆ ನಾನ್ಯಾಕೆ ಕರ್ಕೊಂಡು ಹೋಗ್ಲಿ? ಮೈ ಅವಳ್ದು ಸಾರ್. ಕೂರ್ಬೇಕಾ ನಿಲ್ಬೇಕಾ ಅಂತ ಅವಳ್ನೇ ಕೇಳಿ." ಅಷ್ಟು ಹೇಳಿ ಅವನು ತಿರುಗಿದ. ಹೋಗುವ ಮುಂಚೆ, ಎಲ್ಲರಿಗೂ ಕೇಳುವ ಹಾಗೆ, "ಸಂಜೆ ಬಸ್ಸಲ್ಲಿ ಬರಬ್ಯಾಡ, ನಾನೇ ಬತ್ತೀನಿ" ಅಂದ.

ಅಂದು ಶ್ರೀಧರ್ ಏನೂ ಒಪ್ಪಲಿಲ್ಲ. ಮಿಷನ್ ಹಾಕಿ ಎಂದು ಕೂಗಿ ಹೊರಟುಹೋದ. ಸ್ಟೂಲನ್ನು ತೆಗೆಸಲೂ ಇಲ್ಲ. ವಾರದೊಳಗೆ ಶೆಡ್ಡಿನಲ್ಲಿ ಬೇರೆ ಬೇರೆ ಬಣ್ಣದ ಸ್ಟೂಲುಗಳು ಕಂಡವು. ಒಬ್ಬಳು ತಿರುವಿ ಹಾಕಿದ ಬಕೆಟ್ಟನ್ನೇ ತಂದಿದ್ದಳು. ಶ್ರೀಧರ್ ಎರಡು ಸಲ ಬೈದ, ಒಂದು ಸಲ ಬಕೆಟ್ಟನ್ನು ಒದ್ದ. ಆಮೇಲೆ ನೋಡಿಯೂ ನೋಡದವನ ಹಾಗೆ ಓಡಾಡಿದ.

ಸಪ್ಪಲಮ್ಮನಿಗೆ ಪೂರ್ತಿ ವಾಸಿಯಾಯಿತು ಎಂದಲ್ಲ. ಪ್ರಮೋದಾ ಅಂಥ ಮಾತು ಕೊಟ್ಟೂ ಇರಲಿಲ್ಲ. ಉಂಗುರವನ್ನು ತೆಗೆದು ತೊಳೆದು ಹಾಕಿಕೊಳ್ಳುತ್ತಾಳೆ. ಹೆಚ್ಚು ದಣಿದ ದಿನ ಸಂಜೆ ಹೊತ್ತಿಗೆ ಆ ಭಾರ ಮರಳಿ ಬರುತ್ತದೆ, ಆಗ ಕಾಲನ್ನು ಗೋಡೆಗೆ ಎತ್ತಿ ಮಲಗುತ್ತಾಳೆ. ಸೀನಿದರೆ ಈಗ ಸೀರೆ ಒದ್ದೆಯಾಗುವುದು ಅಪರೂಪ. ಬೆನ್ನು ನೋವು ಬಹಳ ಇಳಿದಿದೆ. ಮುಂದೊಂದು ದಿನ ಆಪರೇಷನ್ನು ಬೇಕಾದರೂ ಆಗಬಹುದು, ಬೇಕು ಅನ್ನಿಸಿದರೆ ಮಾಡಿಸಿಕೊಳ್ಳುತ್ತೇನೆ, ಯಾರೋ ಸೋಮವಾರ ಬಾ ಅಂದರು ಅಂತ ಅಲ್ಲ ಅನ್ನುತ್ತಾಳೆ. ಬೀದಿಯಲ್ಲಿ ನಡೆದರೆ ಅವಳ ನಡಿಗೆಯ ಮೇಲೆ ಈಗಲೂ ಯಾರಾದರೂ ಮಾತು ಎಸೆಯುತ್ತಾರೆ. ಅವಳು ನಿಂತು, ಎಸೆದವರ ಮುಖವನ್ನೇ ನೋಡುತ್ತಾಳೆ. ಹೆಚ್ಚಿನವರು ಕಣ್ಣು ತಪ್ಪಿಸುತ್ತಾರೆ.

ಅವಳು ಅಷ್ಟಕ್ಕೆ ಬಿಡಲಿಲ್ಲ. ಒಂದು ಬೆಳಿಗ್ಗೆ ಹೊಸಕೋಟೆಯ ಬಸ್ಸು ಹತ್ತಿ ಹೋಗಿ, ಬರಲ್ಲ ಬರಲ್ಲ ಎಂದು ಕೈ ಕೊಸರಿಕೊಂಡ ರುಕ್ಮಿಣಮ್ಮನನ್ನು ಕರೆದುಕೊಂಡು ಅದೇ ಸರ್ಕಾರಿ ಆಸ್ಪತ್ರೆಗೆ ಬಂದಳು. ಅಕ್ಕ ದಾರಿಯುದ್ದಕ್ಕೂ ಬೈದಳು. "ತೆಗೆದದ್ದಾಗಿದೆ, ಇನ್ನೇನು ಉಳಿದೈತೆ ಅಂತ ತೋರಿಸ್ಲಿ? ಮೊಮ್ಮಕ್ಕಳಾದ ಮೇಲೆ ಇದೆಲ್ಲ ಬೇಕಾ?"

"ನೀನು ಉಳಿದಿದೀಯಲ್ಲಕ್ಕ. ಬಾ ಸುಮ್ನೆ."

ಚೀಟಿ ಮಾಡಿಸುವ ಕಿಟಕಿಯ ಮುಂದೆ ಸಾಲು ಉದ್ದವಿತ್ತು. ಹಿಂದೆ ಮುಂದೆ ಗಂಡಸರು. ಅವರ ಸರದಿ ಬಂದಾಗ ಒಳಗೆ ಕೂತಿದ್ದವನು ತಲೆ ಎತ್ತದೆ ಜೋರಾಗಿ ಕೇಳಿದ.

"ಏನಮ್ಮ ತೊಂದ್ರೆ?"

ರುಕ್ಮಿಣಮ್ಮ ನೆಲ ನೋಡಿದಳು. ಸಪ್ಪಲಮ್ಮ ಅವಳ ಪರವಾಗಿ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅಕ್ಕ ತಂಗಿಯ ತೋಳನ್ನು ಹಿಡಿದು ಪಕ್ಕಕ್ಕೆ ಸರಿಸಿ, ಕಿಟಕಿಯ ಕಂಬಿಗೆ ಕೈಯೂರಿ ನಿಂತಳು. ದನಿ ಸಾಲಿನ ತುದಿಯವರೆಗೂ ಕೇಳುವಷ್ಟಿತ್ತು.

"ಗರ್ಭಕೋಶ ತೆಗೆಸ್ಕೊಂಡಿದ್ದೆ. ಆದ್ರೂ ಕೆಳಕ್ಕೆ ಇಳಿದೈತೆ. ಅದನ್ನ ತೋರಿಸ್ಬೇಕು ಅಂತ ಬಂದಿದೀನಿ. ಬರ್ಕೋ."